ಪದ್ಯದೊಳಗಿನ ಸೊಸೆ

“ಇವತ್ತಾದ್ರೂ ಸೊಸೆ ಊಟ ಇಕ್ಕಿದ್ಲಾ ದ್ರಾಕ್ಷಾಯಣಮ್ಮ, ಇಲ್ಲಾ ಇವತ್ತೂ ಪದ್ಯದಲ್ಲೇ ಹೊಟ್ಟೆ ತುಂಬಿಸ್ಕಂಡ್ಯಾ?”

ಸಿದ್ದಮ್ಮ ಇಷ್ಟು ಹೇಳಿ, ಕೈಯಲ್ಲಿದ್ದ ಒಣಗಾಯಿಯ ಚಿಪ್ಪಿಗೆ ಕತ್ತಿಯ ಹಿಂಬದಿಯಿಂದ ಟಪಟಪನೆ ಬಡಿದಳು. ಚಿಪ್ಪು ಬಿರಿದು, ಒಳಗಿನ ಉಂಡೆ ಕೊಬ್ಬರಿ ಒಂದು ಗೀರೂ ಬೀಳದೆ ಅವಳ ಮಡಿಲಿಗೆ ಉರುಳಿತು. ಶೆಡ್ಡಿನಲ್ಲಿ ಸಾಲಾಗಿ ಕೂತು ಕೊಬ್ಬರಿ ಬಿಡಿಸುತ್ತಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ದ್ರಾಕ್ಷಾಯಣಮ್ಮನೂ ನಕ್ಕರು. ನಗಬಾರದಿತ್ತು ಅಂತ ಆಮೇಲೆ ಅನ್ನಿಸಿತು. ಆದರೆ ಮೂರು ದಿನದಿಂದ ಊರಲ್ಲಿ ಅವರಿಗೆ ಸಿಗುತ್ತಿದ್ದ ಮರ್ಯಾದೆ ಅಷ್ಟಿಷ್ಟಲ್ಲ. ನಲ್ಲಿಯ ಹತ್ತಿರ ಸರತಿ ಬಿಟ್ಟುಕೊಡುವವರೇನು, “ನಿಮ್ಮಂಥ ತಾಯಿ ಪಡೆಯೋಕೆ ಪುಣ್ಯ ಮಾಡಿರ್ಬೇಕು” ಎನ್ನುವವರೇನು! ಬಿಸಿ ನೀರಿಗೆ ಕಾಲಿಟ್ಟ ಹಾಗೆ ಹಿತವಾಗಿತ್ತು.

ಇದಕ್ಕೆಲ್ಲ ಕಾರಣ ಮಗ ದಯಾನಂದನ ಪದ್ಯ. ಅವನು ಚಿಕ್ಕನಾಯಕನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತ, ತನ್ನೂರು ಕಂದಿಕೆರೆಯ ಸುತ್ತಮುತ್ತ ಕವಿ. ಬೆಳಗ್ಗೆ ಕಾಫಿ ಕುಡಿದು, ಗಂಟಲು ಸರಿಮಾಡಿಕೊಂಡು, ಫೋನಿಗೆ ಬಾಯಿಟ್ಟು ಒಂದು ಪದ್ಯ ಹೇಳಿ ಕಳಿಸಿಬಿಟ್ಟರೆ ಅದು ಒಂದು ವಾಟ್ಸಾಪ್ ಬಳಗದಿಂದ ಇನ್ನೊಂದಕ್ಕೆ ಹಾರಿ, ಹಾಲು ಹಾಕುವ ಹೊತ್ತಿಗೆ ಊರೆಲ್ಲ ಕೇಳಿಯಾಗಿರುತ್ತಿತ್ತು. ಅವನ ಪದ್ಯಗಳ ತುಂಬ ಹೆಂಗಸರೇ. ಮನೆಯ ಹವಾಮಾನ ತಿಳಿಯಲು ಊರವರಿಗೆ ಬೇರೆ ದಾರಿ ಬೇಕಿರಲಿಲ್ಲ. ಪದ್ಯದಲ್ಲಿ ನಲ್ಲೆ ಮಲ್ಲಿಗೆಯಾದರೆ ಗಂಡಹೆಂಡಿರು ಮಾತಾಡುತ್ತಿದ್ದಾರೆ ಎಂದರ್ಥ, ಕಳ್ಳಿಯಾದರೆ ಜಗಳ. ತಂಗಿ ಹಬ್ಬಕ್ಕೆ ಬಂದು ಹೋದ ವಾರ ಒಡಹುಟ್ಟಿದವಳು ದೀಪ. ಅವಳು ಫೋನ್ ಎತ್ತದ ವಾರ ಹೆಣ್ಣಿನ ಮನಸ್ಸು ಹೊಗೆ. ಅವ್ವ ಮಾತ್ರ ಯಾವಾಗಲೂ ದೇವತೆ. ಅದರಲ್ಲೂ ಹೆಂಡತಿಯ ಜೊತೆ ಮುನಿಸಿದ್ದರೆ ದೇವತೆಗೆ ಇನ್ನೆರಡು ಕೈ ಹೆಚ್ಚು.

ಈ ಸಲದ ಪದ್ಯ ಹೀಗಿತ್ತು:

“ಬೀಗದ ಕೈ ಸೊಂಟದಲಿ, ಸೊಸೆ ಪೇಟೆಯ ಬಸ್ಸಿನಲಿ,
ಆರಿದೊಲೆಯ ಮುಂದೆ ಅವ್ವ ಹಸಿದ ಹಸುವಿನಂತೆ.
ಬೆಳುದಿಂಗಳ ಕೈತುತ್ತು ಉಣಿಸಿದ್ದ ಆ ಕೈಗೆ
ತುತ್ತಿಲ್ಲ ಇಂದು, ತಾ ಕಟ್ಟಿದ ಮನೆಯೊಳಗೆ.”

ನಡೆದದ್ದು ಇಷ್ಟೇ. ಅಂದು ಕಾರ್ತಿಕದ ಮೊದಲ ಸೋಮವಾರ. ಸೊಸೆ ನಿಸರ್ಗ ಬೆಳಗ್ಗೆಯೇ ರೊಟ್ಟಿ, ಅವರೆಕಾಳಿನ ಹುಳಿ ಮಾಡಿಟ್ಟು, ಹಾಲಿನ ಸಂಘದವರ ತರಬೇತಿಗೆ ತುರುವೇಕೆರೆಗೆ ಹೋಗಿದ್ದಳು. ಹಿಂಡಿ ಬೂಸಾ ಇಡುವ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿತ್ತು, ಅಡುಗೆಮನೆಗೆ ಬೀಗವೇ ಇಲ್ಲ. ಮಧ್ಯಾಹ್ನ ದ್ರಾಕ್ಷಾಯಣಮ್ಮ ಗಂಡ ಕಾಡಸಿದ್ದಪ್ಪನಿಗೆ ಊಟಕ್ಕಿಕ್ಕಿ, ಪಾತ್ರೆ ತೊಳೆದು, ಮಂಡಿ ನೋವೆಂದು ಒಲೆಯ ಮುಂದೆಯೇ ಕಾಲು ನೀಡಿ ಕೂತಿದ್ದರು. ಸೋಮವಾರ ಅವರದು ಒಪ್ಪತ್ತು. ದಿನವೆಲ್ಲ ಉಪವಾಸವಿದ್ದು, ಸಂಜೆ ಪೂಜೆಯಾದ ಮೇಲೆ ಒಂದೇ ಹೊತ್ತು ಊಟ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಡೆಸಿಕೊಂಡು ಬಂದದ್ದು. ಆಗ ದಯಾನಂದ ತಲೆನೋವೆಂದು ಅರ್ಧ ದಿನ ರಜೆ ಹಾಕಿ ಬಂದ.

“ಊಟ ಮಾಡ್ಲಿಲ್ವೇನವ್ವ?”

ಸೊಸೆ ಎಂಟು ದಿನದೊಳಗೆ ಮೂರನೆಯ ಸಲ ಬಸ್ಸು ಹತ್ತಿದ್ದಳೆಂದು ದ್ರಾಕ್ಷಾಯಣಮ್ಮನಿಗೆ ಒಳಗೊಳಗೇ ಸಿಡುಕು. ಬಾಯಿಗೆ ಬಂದದ್ದು ಅಂದುಬಿಟ್ಟರು: “ನಂಗ್ಯಾರಪ್ಪ ಇಕ್ತಾರೆ.”

ಅಷ್ಟು ಸಾಕಾಯಿತು. ಮಂಗಳವಾರ ಬೆಳಗ್ಗೆ ಪದ್ಯ ಹೊರಟಿತು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಕಾಡಸಿದ್ದಪ್ಪ ಸೊಸೆ ಹಿತ್ತಲಿಗೆ ಹೋದದ್ದು ನೋಡಿಕೊಂಡು, “ಅಲ್ಲ ಕಣೇ, ನೆನ್ನೆ ಸೋಮವಾರ ಅಲ್ವಾ?” ಎಂದರು.

“ಬುಡಿ ಅತ್ಲಾಗೆ. ಪದ್ಯ ತಾನೆ.”

“ಪದ್ಯವೇ ಸರಿ. ಆದ್ರೂ...”

“ಮುದ್ದೆ ತಣ್ಣಗಾಯ್ತದೆ, ಉಣ್ಣಿ.”

ಕಾಡಸಿದ್ದಪ್ಪ ಉಂಡರು. ಅವರು ಮಾತಿಗೆ ಹೆದರುವ ಮನುಷ್ಯ. ಒಳಗೆ ಒಣಗಿದೆಯೇ ಎಂದು ಅಟ್ಟದ ಮೇಲಿನ ಕಾಯಿ ಅಲುಗಿಸಿ ನೋಡುವಷ್ಟು ಸಲೀಸಾಗಿ ಮನೆಯವರನ್ನು ಅಲುಗಿಸಿದವರಲ್ಲ.

ಬರೀ ಪದ್ಯವಾಗಿದ್ದರೆ ನಿಸರ್ಗ ತಡೆದುಕೊಳ್ಳುತ್ತಿದ್ದಳೇನೋ. ಹತ್ತು ವರ್ಷದಲ್ಲಿ ಅವಳಿಗೆ ಅದು ಅಭ್ಯಾಸವಾಗಿತ್ತು. ಆದರೆ ಈ ಸಲ ಅವಳು ಊರಿನ ಮಹಿಳಾ ಹಾಲಿನ ಸಂಘದ ನಿರ್ದೇಶಕಿಯರ ಚುನಾವಣೆಗೆ ನಿಂತಿದ್ದಳು. ಸಂಘ ಹೆಂಗಸರದು, ಆದರೆ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂರುತ್ತಿದ್ದವನು ಅಧ್ಯಕ್ಷೆಯ ಗಂಡ ಯೋಗೀಶ್. ಹಾಲು ಎಷ್ಟು ಗಟ್ಟಿಯೆಂದು ಡಿಗ್ರಿಯಲ್ಲಿ ತೋರಿಸುವ ಮಿಷನ್ನಿನ ಮುಖವನ್ನು ಅವನು ಗೋಡೆಯ ಕಡೆ ತಿರುಗಿಸಿ ಇಡಿಸಿದ್ದ. ಎಷ್ಟು ಬಂತೆಂದು ಹಾಲು ಹಾಕಿದವಳಿಗೆ ಕಾಣಿಸುತ್ತಿರಲಿಲ್ಲ, ಅವರು ಹೇಳಿದ್ದೇ ಲೆಕ್ಕ. “ನನ್ನ ಗೆಲ್ಸಿ. ಆ ಮಿಷನ್ನ ನಿಮ್ಮ ಕಡೆ ತಿರುಗಿಸ್ತೀನಿ” — ನಿಸರ್ಗ ಮನೆಮನೆಗೆ ಹೋಗಿ ಹೇಳುತ್ತಿದ್ದದ್ದು ಇದೊಂದೇ ಮಾತು. ಹೆಂಗಸರು ಹೂಂ ಎನ್ನತೊಡಗಿದ್ದರು. ಅಷ್ಟರಲ್ಲಿ ಪದ್ಯ ಬಂತು.

ಎರಡನೆಯ ವಾರ ಅದು ಕಾಗದಕ್ಕಿಳಿಯಿತು. ಬಾಲರಾಜುವಿನ ಜೆರಾಕ್ಸ್ ಅಂಗಡಿಯಲ್ಲಿ ಯಾರೋ ಮಾಡಿಸಿ, ಡೈರಿಯ ಗೋಡೆ, ಬಸ್ ಸ್ಟ್ಯಾಂಡು, ನ್ಯಾಯಬೆಲೆ ಅಂಗಡಿ ಎಲ್ಲ ಕಡೆ ಅಂಟಿಸಿದ್ದರು. ಮೇಲೆ ದಯಾನಂದನ ಪದ್ಯ, ಅವನ ಹೆಸರು ಸಮೇತ. ಕೆಳಗೆ ದಪ್ಪಕ್ಷರದಲ್ಲಿ: ‘ಅತ್ತೆಗೆ ಅನ್ನ ಇಕ್ಕದವಳು ನಿಮ್ಮ ಹಾಲಿಗೆ ನ್ಯಾಯ ಕೊಡ್ತಾಳಾ?’

ಆ ಸಂಜೆ ನಿಸರ್ಗ ಒಂದನ್ನು ಕಿತ್ತು ತಂದು, ಗಂಡ ಚಪಾತಿ ತಿನ್ನುತ್ತಿದ್ದ ತಟ್ಟೆಯ ಪಕ್ಕ ಇಟ್ಟಳು.

“ಓದ್ಕಳಿ. ನಿಮ್ಮ ಹೆಸ್ರು ಚೆನ್ನಾಗಿ ಅಚ್ಚಾಗಿದೆ.”

ದಯಾನಂದ ಓದಿದ. ಮೊದಲು ಕಾಗುಣಿತ ನೋಡಿದ ಅಂತ ಕಾಣುತ್ತದೆ. “‘ಹಸುವಿನಂತೆ’ ಅನ್ನೋ ಕಡೆ ಬೇರೆ ಏನೋ ಹಾಕ್‌ಬುಟ್ಟವ್ರೆ” ಎಂದ. ಆಮೇಲೆ ಹೆಂಡತಿಯ ಮುಖ ನೋಡಿ ದನಿ ತಗ್ಗಿಸಿದ. “ಇದನ್ನ ನಾನು ಮಾಡ್ಸಿಲ್ಲ ಕಣೇ. ನನ್ನ ಕೇಳ್ದೆ ಹಾಕವ್ರೆ.”

“ಬರ್ದೋರು ಯಾರು?”

“ಬರ್ದೋನು ನಾನೇ. ಆದ್ರೆ ಪದ್ಯದೊಳಗಿರೋ ಸೊಸೆ ನೀನಲ್ಲ. ಅದೊಂದು ಪ್ರತಿಮೆ.”

“ನಿಮ್ಮ ಪ್ರತಿಮೆಗೆ ನಾನು ಹತ್ತಿದ್ ಬಸ್ಸೇ ಬೇಕಿತ್ತಾ?”

“ನಿಂಗೆ ಕಾವ್ಯ ಅರ್ಥ ಆಗಲ್ಲ.”

“ಅರ್ಥ ಆಗ್ದೆ ಏನು? ಮದುವೆಗೆ ಮುಂಚೆ ನಾನು ಎಳನೀರು. ಮದುವೆ ಆದ ವರ್ಷ ಹೊಂಬಾಳೆ. ಕೂಸಾಗ್ಲಿಲ್ಲ ಅಂತ ಜನ ಆಡ್ಕಳೋವಾಗ ಸೋಗೆ. ಈಗ ಕರಟ. ಒಂದ್ಸಲ ಆದ್ರೂ ನಿಸರ್ಗ ಅಂತ ಹೆಂಗಸೊಬ್ಬಳನ್ನ ನೋಡಿದೀರೇನ್ರೀ?”

ದಯಾನಂದ ಚಪಾತಿ ಅರ್ಧಕ್ಕೇ ಬಿಟ್ಟು ಎದ್ದ. “ಅವ್ವನ್ನ ಕೇಳು. ಅವತ್ತು ಅವ್ವ ಹಸ್ಕಂಡ್ ಕೂತಿದ್ದು ಸುಳ್ಳಾ? ಏನವ್ವ?”

ಪಕ್ಕದಲ್ಲಿ ಉಣ್ಣುತ್ತಿದ್ದ ಕಾಡಸಿದ್ದಪ್ಪನೂ ಸೇರಿ ಮೂವರೂ ದ್ರಾಕ್ಷಾಯಣಮ್ಮನ ಕಡೆ ತಿರುಗಿದರು. ಹೇಳಬೇಕಾದ ಮಾತು ಬಾಯಲ್ಲೇ ಇತ್ತು. ಆದರೆ ಅದೇ ಬೆಳಗ್ಗೆ ರಾಜ್ಯೋತ್ಸವದ ಕವಿಗೋಷ್ಠಿ ನಡೆಸುವ ಹುಡುಗರು ಬಂದು, ವೇದಿಕೆಯ ಮೇಲೆ ಕೂರಿಸಿ ‘ಕವಿಮಾತೆ’ ಎಂದು ಶಾಲು ಹೊದಿಸುತ್ತೇವೆ ಅಂದು ಹೋಗಿದ್ದರು. ಹುಟ್ಟಿದ ಮೇಲೆ ಅವರಿಗೆ ಯಾರೂ ಶಾಲು ಹೊದಿಸಿರಲಿಲ್ಲ.

“ನನ್ನ ಯಾಕಪ್ಪ ಎಳೀತೀರಿ ನಿಮ್ಮ ಜಗಳಕ್ಕೆ” ಎಂದು ಹಸುವಿಗೆ ನೀರಿಡುವ ನೆಪದಲ್ಲಿ ಹೊರಗೆ ಹೋದರು.

ಹಿಂದೆಯೇ ಸೊಸೆಯ ದನಿ ಕೇಳಿಸಿತು. ಅಳುತ್ತಿರಲಿಲ್ಲ. “ಆಯ್ತು. ನಾಮಪತ್ರ ವಾಪಸ್ ತಗೊಳೋಕೆ ಇನ್ನೂ ಟೈಮಿದೆ. ಅದನ್ನೇ ಮಾಡ್ತೀನಿ, ನೆಮ್ಮದಿಯಾಗಿರಿ.” ವಾಪಸ್ ತೆಗೆದುಕೊಳ್ಳಲಿಲ್ಲ. ಆದರೆ ಮನೆಮನೆಗೆ ಹೋಗುವುದನ್ನು ನಿಲ್ಲಿಸಿದಳು. ಯಾರ ಮನೆಯ ಜಗಲಿ ಹತ್ತಿದರೂ “ಅತ್ತೇದು ಊಟ ಆಯ್ತಾ?” ಎಂದೇ ಕೇಳುತ್ತಿದ್ದರಂತೆ. ಅತ್ತೆಗೆ ಮಾತ್ರ ಹೊತ್ತುಹೊತ್ತಿಗೆ ತಟ್ಟೆ ತಂದು ಇಡುತ್ತಿದ್ದಳು, ಮಾತಿಲ್ಲದೆ. ಒಂದು ತುತ್ತು ಕಡಿಮೆಯಿಲ್ಲ, ಒಂದು ಮಾತು ಹೆಚ್ಚಿಲ್ಲ.

ಮೂರನೆಯ ಸೋಮವಾರ ಅವರು ಚಿಕ್ಕನಾಯಕನಹಳ್ಳಿಗೆ ಹೋದರು, ಶಾಲಿನ ದಿನಕ್ಕೊಂದು ಕುಪ್ಪಸ ಹೊಲಿಸಲು. ಹೊಲಿಯುವವಳು ಅಜೀಜುನ್ನೀಸಾ, ಗಂಡ ನೂರ್ ಅಹಮದನ ಗ್ಯಾರೇಜಿನ ಪಕ್ಕದಲ್ಲೇ ಅವಳ ಮಿಷನ್ನು. ವರ್ಷಗಳಿಂದ ಮನೆಯ ಹೆಂಗಸರ ಬಟ್ಟೆಯೆಲ್ಲ ಅವಳದೇ, ನಿಸರ್ಗಳಿಗಂತೂ ಗೆಳತಿ.

“ಬನ್ನಿ ಅಮ್ಮ, ಕೂತ್ಕಳಿ. ಪದ್ಯ ಕೇಳ್ದೆ,” ಎಂದಳು ಅಜೀಜುನ್ನೀಸಾ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದು. “ನಮ್ಮೆಜಮಾನ್ರಿಗೆ ನನ್ ಮೇಲೆ ಸಿಟ್ಟು ಬಂದ್ರೆ ಜೀಪಿನ ಕೆಳಗೆ ಮಲಗ್ಕಂಡು ಸ್ಪ್ಯಾನರ್‌ಗೆ ಬೈತಾರೆ. ನಿಮ್ಮ ಮಗ ನೋಡಿ, ಪ್ರಾಸ ಹಾಕಿ ಬೈತಾರೆ.”

ಜೀಪಿನ ಕೆಳಗಿನಿಂದ “ಕೇಳಿಸ್ತು” ಎಂದಿತು ಒಂದು ದನಿ.

“ಕೇಳಿಸ್ಲಿ ಅಂತಾನೇ ಹೇಳಿದ್ದು.”

ದ್ರಾಕ್ಷಾಯಣಮ್ಮ ನಕ್ಕು, ಅಳತೆಗೆಂದು ಎದ್ದು ನಿಂತರು. ಅಜೀಜುನ್ನೀಸಾ ಟೇಪು ಹಿಡಿದವಳು ತಟ್ಟನೆ ನಿಂತಳು.

“ಅಯ್ಯೋ, ಇವತ್ತು ಸೋಮವಾರ ಅಲ್ವಾ! ನಿಮ್ಮ ಒಪ್ಪತ್ತು. ಹೊಟ್ಟೆ ಬೆನ್ನಿಗೆ ಹತ್ಕಂಡಿರೋವಾಗ ಅಳತೆ ತಗಂಡ್ರೆ ಆಮೇಲೆ ಬಿಗಿಯಾಯ್ತು ಅಂತ ನನ್ನೇ ಬೈತೀರಿ. ಹಳೇ ಕುಪ್ಪಸ ಕಳ್ಸಿ, ಅದರಲ್ಲೇ ಹೊಲೀತೀನಿ. ಟೀ ಕುಡೀತೀರಾ, ಇಲ್ಲಾ ಅದೂ ಇಲ್ವಾ?”

“ಟೀ ಆಯ್ತದೆ” ಎಂದರು ದ್ರಾಕ್ಷಾಯಣಮ್ಮ. ಆದರೆ ಟೀ ಬಂದಾಗ ಲೋಟ ಹಿಡಿದುಕೊಂಡೇ ಕೂತರು. ಅಜೀಜುನ್ನೀಸಾ ಮಿಷನ್ ತುಳಿಯುತ್ತಲೇ ಅಂದಳು, “ನಿಸರ್ಗ ಮೊನ್ನೆ ಬಂದಿದ್ಲು. ಬ್ಲೌಸ್ ಬೇಡ, ಚುನಾವಣೆ ಬೇಡ, ಏನೂ ಬೇಡ ಅಂತಾಳೆ. ನಿಮ್ಮಿಬ್ರಿಗೆ ಏನಾಗಿದೆಯೋ ನಂಗೊತ್ತಿಲ್ಲ. ಅವ್ಳು ನಿಮ್ಮ ಬಗ್ಗೆ ಒಂದ್ ಮಾತು ಆಡ್ಲಿಲ್ಲ, ಅದನ್ನ ಹೇಳ್ತೀನಿ.”

ಬಸ್ಸಿನಲ್ಲಿ ಬರುವಾಗ ದ್ರಾಕ್ಷಾಯಣಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಯಾಚೆ ತೆಂಗಿನ ತೋಟಗಳು ಓಡುತ್ತಲೇ ಇದ್ದವು. ಮನೆಗೆ ಬಂದವರೇ ಮಗನನ್ನು ಕೂಗಿ ಕೇಳಿದರು: “ದಯಾ, ಆ ಪದ್ಯಾನ ಕವಿಗೋಷ್ಠೀಲಿ ಓದ್ತೀಯೇನ್ಲಾ?”

“ಇಲ್ಲವ್ವ. ಇವಳಿಗೆ ಮಾತು ಕೊಟ್ಟಿದೀನಿ, ಬೇರೇದು ಓದ್ತೀನಿ.”

“ಹಂಗಾದ್ರೆ ಸರಿ” ಎಂದು ಉಸಿರು ಬಿಟ್ಟರು. ಹೇಳುವ ಕಷ್ಟ ತಪ್ಪಿತು ಎಂದುಕೊಂಡರು.

ಭಾನುವಾರ ಸಂಜೆ ಶಾಲೆಯ ಮೈದಾನದಲ್ಲಿ ಶಾಮಿಯಾನ, ಬಾವುಟ, ಕೆಂಪು ಹಳದಿ ಬಣ್ಣದ ಕಾಗದ. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, ಚಪ್ಪಾಳೆಯೂ ಬಂತು. ದ್ರಾಕ್ಷಾಯಣಮ್ಮ ವೇದಿಕೆಯ ಮೇಲೆ ಹೊಸ ಕುಪ್ಪಸದಲ್ಲಿ ಬೆವರುತ್ತ ಕೂತರು. ಕೆಳಗೆ ಮುಂದಿನ ಸಾಲಿನಲ್ಲಿ ಹಾಲಿನ ಸಂಘದ ಹೆಂಗಸರು. ಕೊನೆಯಲ್ಲಿ ಕಂಬಕ್ಕೊರಗಿ ನಿಸರ್ಗ, ಪಕ್ಕದಲ್ಲಿ ಕಾಡಸಿದ್ದಪ್ಪ. ದಯಾನಂದ ಕೆರೆಯ ಮೇಲೆ ಬರೆದದ್ದೊಂದು ಓದಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಯೋಗೀಶ್ ಎದ್ದು ನಿಂತು ಕೈ ಎತ್ತಿದ: “ಸಾರ್, ಕೆರೆ ಬುಡಿ ಸಾರ್. ಆ ಅವ್ವಂದು ಓದಿ. ಅವ್ವನೂ ಇಲ್ಲೇ ಅವ್ರೆ!”

“ಹೂಂ, ಅದೇ, ಅದೇ!” ಎಂದು ಹುಡುಗರು ಸಿಳ್ಳೆ ಹಾಕಿದರು.

ದಯಾನಂದ ಹೆಂಡತಿಯ ಕಡೆ ನೋಡಿದ. ಅವಳು ನೋಡಲಿಲ್ಲ. ಸಿಳ್ಳೆ ಇನ್ನೊಂದು ಸಲ ಬಂತು. ಕವಿಗೆ ಸಿಳ್ಳೆ ಅಂದರೆ ಏನೆಂದು ಅನುಭವಿಸಿದವರಿಗೇ ಗೊತ್ತು. ಅವನು ಗಂಟಲು ಸರಿಮಾಡಿಕೊಂಡ.

“ಬೀಗದ ಕೈ ಸೊಂಟದಲಿ, ಸೊಸೆ ಪೇಟೆಯ ಬಸ್ಸಿನಲಿ,
ಆರಿದೊಲೆಯ ಮುಂದೆ ಅವ್ವ...”

“ಯಾವತ್ತು ಕಣ್ಲಾ ಅದು?”

ದಯಾನಂದ ತಿರುಗಿದ. ಅವ್ವ ಕುರ್ಚಿಯಿಂದ ಎದ್ದು ನಿಂತಿದ್ದರು, ಮೈಕಿಗೆ ಮಾರು ದೂರದಲ್ಲಿ. ಮಾತು ಮೈದಾನಕ್ಕೆಲ್ಲ ಕೇಳಿಸಿತ್ತು.

“ಏನವ್ವ?”

“ನಾನು ಒಲೆ ಮುಂದೆ ಉಪಾಸ ಕೂತಿದ್ನಲ್ಲ, ಅದು ಯಾವ ವಾರ ಅಂತ ಕೇಳ್ದೆ.”

“ಅವ್ವ, ಇದು ಪದ್ಯ. ಪದ್ಯದಲ್ಲಿ ವಾರ ಎಲ್ಲಾ...”

“ಪದ್ಯದಲ್ಲಿ ಬಸ್ ಇರ್ತದೆ, ವಾರ ಇರಲ್ವಾ? ಸೋಮವಾರ ಕಣಪ್ಪ ಅದು. ಕಾರ್ತಿಕ ಸೋಮವಾರ! ನನ್ನ ಒಪ್ಪತ್ತು. ಈ ಮನೆಗೆ ಬಂದಾಗಿಂದ ಸೋಮವಾರ ಹೊತ್ತು ಮುಳುಗೋಗಂಟ ನಾನು ಬಾಯಿಗೆ ಅನ್ನ ಹಾಕಿಲ್ಲ. ಚಿಕ್ಕನಾಯ್ಕನಳ್ಳಿ ಅಜೀಜುನ್ನೀಸಂಗೆ ಗೊತ್ತು. ಹೆತ್ತ ಮಗನಿಗೆ ಗೊತ್ತಿಲ್ಲ.”

ಮುಂದಿನ ಸಾಲಿನಿಂದ ಸಿದ್ದಮ್ಮನ ನಗು ಸಿಡಿಯಿತು. “ಅಯ್ಯೋ ನಮ್ಮಪ್ಪಾ! ಅವತ್ತು ನಾನೂ ಉಪಾಸವೇ ಕಣೋ ದಯಾನಂದ! ನಂದೂ ಒಂದು ಪದ್ಯ ಕಟ್ಬುಡು!”

“ನಂದೂ!” “ನಮ್ಮತ್ತೇದೂ!” ಹೆಂಗಸರ ಸಾಲೆಲ್ಲ ಹೊರಳಾಡಿ ನಕ್ಕಿತು. ದ್ರಾಕ್ಷಾಯಣಮ್ಮ ನಗಲಿಲ್ಲ. ಶಾಲು ಜಾರುತ್ತಿತ್ತು, ಒಂದು ಕೈಯಲ್ಲಿ ಹಿಡಿದುಕೊಂಡರು.

“ಸೊಸೆ ಅಡುಗೆ ಮಾಡಿಟ್ಟೇ ಹೋಗಿದ್ಲು. ನಮ್ಮೆಜಮಾನ್ರು ಎರಡು ಸಲ ಹುಳಿ ಹಾಕಿಸ್ಕಂಡು ಉಂಡ್ರು, ಕೇಳಿ ಬೇಕಾದ್ರೆ.” ಕಾಡಸಿದ್ದಪ್ಪ ಕಂಬದ ಹತ್ತಿರದಿಂದ ಹೌದೆಂದು ತಲೆಯಾಡಿಸಿದರು. ಅಷ್ಟು ಜನರ ಮುಂದೆ ಅವರು ಕೊಟ್ಟ ಮೊದಲ ಹೇಳಿಕೆ ಅದೇ ಇರಬೇಕು. “‘ನಂಗ್ಯಾರು ಇಕ್ತಾರೆ’ ಅಂದೋಳು ನಾನು. ಮಂಡಿ ನೋಯ್ತಿತ್ತು, ಅಂದೆ. ಇನ್ನೊಂದು. ಬೆಳುದಿಂಗಳಲ್ಲಿ ಕೈತುತ್ತು ಹಾಕಿದ್ದು ನಾನಲ್ಲ, ಇವನ ಅಜ್ಜಿ. ನಾನು ಹೊತ್ತಾರೆ ಎದ್ದು ಕಂಡೋರ ಶೆಡ್ಡಿಗೆ ಕೊಬ್ಬರಿ ಬಿಡ್ಸೋಕ್ ಹೋಗ್ತಿದ್ದೆ. ಸಂಜೆ ಬಂದು, ಹಟ ಮಾಡಿದ್ರೆ ಎರಡು ಬಿಡ್ತಿದ್ದೆ. ಅದನ್ನೂ ಬರ್ಕಳಪ್ಪ.”

ಹುಡುಗರು ಓಡಿಬಂದು ವಂದನಾರ್ಪಣೆ ಶುರುಮಾಡಿದರು.

ಮನೆಗೆ ಹೋಗುವ ದಾರಿಯಲ್ಲಿ ಗಂಡಸರಿಬ್ಬರೂ ಹಿಂದುಳಿದರು. ನಿಸರ್ಗ ಹಣ್ಣಿನ ಬುಟ್ಟಿ ಹೊತ್ತು ಬಿರಬಿರನೆ ಮುಂದೆ ನಡೆಯುತ್ತಿದ್ದಳು. ಸೊಸೆ ಒಂದು ಒಳ್ಳೆಯ ಮಾತಾಡುತ್ತಾಳೆಂದು ದ್ರಾಕ್ಷಾಯಣಮ್ಮ ಕಾದರು. ಅವಳು ಗಕ್ಕನೆ ನಿಂತು ತಿರುಗಿದಳು.

“ಮೂರು ವಾರ ಎಲ್ಲಿತ್ತು ಅತ್ತೆ ಈ ಬಾಯಿ?”

ಸುಳ್ಳು ಹೇಳಲು ಹೊತ್ತಿರಲಿಲ್ಲ. “ಶಾಲು ಬರ್ಲಿ ಅಂತ ಕಾಯ್ತಿತ್ತು ಅನ್ಕೊಳವ್ವ.”

“ನಾನು ಒಬ್ಬೊಬ್ಬರ ಜಗಲೀಲಿ ತಲೆ ತಗ್ಗಿಸಿ ಬಂದೆ. ನೀವು ಒಳಗೆ ಕೂತು ಕೇಳಿಸ್ಕಂಡ್ರಿ.”

“ಕೇಳಿಸ್ಕಂಡೆ.”

“ಈಗ ನಾನು ನಗ್ಬೇಕಾ, ಅಳ್ಬೇಕಾ ಹೇಳಿ.”

“ಮೊದ್ಲು ಬುಟ್ಟಿ ಇತ್ಲಾಗ್ ಕೊಡು. ಎರಡು ಬಾಳೆಹಣ್ಣು ಬಿದ್ದೋದ್ವು.”

ನಿಸರ್ಗ ಬುಟ್ಟಿ ಕೊಡಲಿಲ್ಲ, ಆದರೆ ನಡಿಗೆ ನಿಧಾನವಾಯಿತು. ಮಾರನೆಯ ದಿನದಿಂದ ಮತ್ತೆ ಮನೆಮನೆ ಹತ್ತತೊಡಗಿದಳು. ಎರಡು ಮೂರು ಮನೆಗಳಲ್ಲಿ “ಸೊಸೆ ಹೆದರಿಸಿ ಹೇಳಿಸವ್ಳೆ” ಎಂಬ ಮಾತೂ ಇತ್ತು. ಅದನ್ನು ಅಳಿಸಲು ಯಾರಿಂದಲೂ ಆಗಲಿಲ್ಲ. ಗುರುವಾರ ಮತ ಎಣಿಸಿದಾಗ ನಿಸರ್ಗ ಗೆದ್ದಳು, ಗೆದ್ದವರಲ್ಲಿ ಕೊನೆಯವಳಾಗಿ, ಕೂದಲೆಳೆಯಷ್ಟರಲ್ಲಿ. ಯೋಗೀಶನ ಹೆಂಡತಿಯೂ ಗೆದ್ದಿದ್ದಳು. ಅವಳು ದ್ರಾಕ್ಷಾಯಣಮ್ಮನ ಹತ್ತಿರ ಬಂದು ಮೆಲ್ಲಗೆ, “ಮಿಷನ್ ತಿರುಗ್ಸೋಕೆ ನಂದೂ ಒಪ್ಪಿಗೆ ಐತೆ ಅಂತ ನಿಸರ್ಗಂಗೆ ಹೇಳಿ. ಇವರ ಮುಂದೆ ಹೇಳ್ಬೇಡಿ” ಎಂದು ಸೆರಗು ಹೊದ್ದುಕೊಂಡು ಹೋದಳು.

ದಯಾನಂದ ಆ ಭಾನುವಾರದಿಂದ ಅವ್ವನ ಜೊತೆ ಮಾತಾಡಿರಲಿಲ್ಲ. ಬಡಿಸಿದ್ದು ಉಂಡು ಏಳುತ್ತಿದ್ದ. ಹೆಂಡತಿಗೆ ಮಾತ್ರ “ಗೆದ್ಯಂತೆ” ಎಂದನಂತೆ, “ಹೂಂ” ಎಂದಳಂತೆ. ಶುಕ್ರವಾರ ಬೆಳಗ್ಗೆ ಜಗಲಿಯಲ್ಲಿ ಅವನ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ನಿಸರ್ಗಳ ಫೋನು ಸದ್ದು ಮಾಡಿತು. ಕೈ ಒರೆಸಿಕೊಂಡು ಹಾಕಿದಳು. ಅತ್ತೆ ಸೊಸೆ ಇಬ್ಬರೂ ಹಸುವಿನ ಆಚೆಗೊಬ್ಬರು ಈಚೆಗೊಬ್ಬರು ಕೂತು ಕೇಳಿದರು.

“ಹೆತ್ತವಳ ನಾಲಗೆಯೂ ಹರಿತ ಕುಡುಗೋಲು,
ಹೊಕ್ಕುಳ ಬಳ್ಳಿ ಕೊಯ್ದರೂ ತೀರದದರ ಕೊಯ್ಲು.
ಊರ ಸಂತೆಯ ನಡುವೆ ಮಗನ ಮಾನ ಮಾರಿ
ಶಾಲು ಹೊದ್ದು ನಡೆದಳು ಅವಳು ದಾರಿ ದಾರಿ.”

ದ್ರಾಕ್ಷಾಯಣಮ್ಮ ಬೂಸಾ ಕಲಸುತ್ತಿದ್ದ ಕೈ ಹಾಗೇ ಬಿಟ್ಟು ಕೂತರು. ಇಷ್ಟೊತ್ತಿಗೆ ಪದ್ಯ ಊರಿಗೆಲ್ಲ ತಲುಪಿಯಾಗಿರುತ್ತದೆ. ಇವತ್ತು ಶೆಡ್ಡಿನಲ್ಲಿ ಸಿದ್ದಮ್ಮ ಏನು ಕೇಳಬಹುದು?

“ಸದ್ಯ” ಎಂದರು ಕೊನೆಗೆ. “ನಿನ್ನ ಸರದಿ ತಪ್ತು ಕಣೇ.”

“ನಿಮ್ಮದಕ್ಕೆ ಪ್ರಾಸ ಚೆನ್ನಾಗಿ ಕೂತಿದೆ ಅತ್ತೆ. ನಂದಕ್ಕೆ ಇಷ್ಟು ಕಷ್ಟಪಟ್ಟಿರ್ಲಿಲ್ಲ ಇವ್ರು.”

“ನಾನು ಶಾಲು ಹೊದ್ಕಂಡು ಎಲ್ಲಿ ನಡೆದ್ನೇ? ಬಂದೋಳೇ ಮಡ್ಸಿ ಪೆಟ್ಟಿಗೇಲಿಟ್ಟೆ.”

“ಹೋಗಿ ಕೇಳಿ, ಪ್ರತಿಮೆ ಅಂತಾರೆ.”

ದ್ರಾಕ್ಷಾಯಣಮ್ಮನಿಗೆ ನಗು ಬಂತು. ನಗುತ್ತಿರುವಾಗಲೇ ಕಣ್ಣು ತುಂಬಿಕೊಂಡಿತು. ನಿಸರ್ಗ ನೋಡಿದಳು, ಕೆಚ್ಚಲಿನಲ್ಲಿ ಉಳಿದದ್ದನ್ನು ಕರೆದು ಮುಗಿಸಿದಳು. ರಸ್ತೆಯ ತಿರುವಿನಲ್ಲಿ ಹಾಲಿನ ಟೆಂಪೋ ಹಾರನ್ ಹೊಡೆಯಿತು.

“ಏಳಿ ಅತ್ತೆ, ಕ್ಯಾನ್ ಒಂದ್ ಕಡೆ ಹಿಡ್ಕಳಿ. ಇವತ್ತು ನಾನೇ ತಡ ಮಾಡಿದ್ರೆ ಚೆನ್ನಾಗಿರಲ್ಲ.”

ಇಬ್ಬರೂ ಕ್ಯಾನು ಹಿಡಿದು ಕೊಟ್ಟಿಗೆಯಿಂದ ನಡುಮನೆ ದಾಟಿ ಹೊರಗೆ ಬಂದರು. ದಯಾನಂದ ಜಗಲಿಯ ತುಂಬ ಕಾಲು ಚಾಚಿ, ಫೋನಿನಲ್ಲಿ ಯಾರ್ಯಾರು ಮೆಚ್ಚಿದ್ದಾರೆಂದು ನೋಡುತ್ತ ಕೂತಿದ್ದ. ಹೆಂಗಸರಿಬ್ಬರೂ ಅವನ ಮುಂದೆ ಬಂದು ನಿಂತರು. ಕ್ಯಾನಿನೊಳಗೆ ಹಾಲು ಒಮ್ಮೆ ತುಳುಕಿತು.

ಅವನು ಕಾಲು ಮಡಚಿಕೊಂಡ.